ದವಡೆ ಸರ್ಜರಿ: ಎಂಡೋಸ್ಕೋಪ್ ಬೇಕಾ, ಬಾಯೊಳಗಿನ ಮಾಮೂಲಿ ದಾರಿ ಸಾಕಾ?

"ದವಡೆಗೆ ಸರ್ಜರಿ ಆಗಬೇಕು" ಎಂದು ಡಾಕ್ಟರು ಹೇಳಿದ ದಿನವೇ ಮನೆಯಲ್ಲಿ ಒಬ್ಬರು ಫೋನ್ ಹಿಡಿದು ಹುಡುಕಲು ಕೂರುತ್ತಾರೆ. ಅರ್ಧ ಗಂಟೆಯಲ್ಲಿ ಪ್ರಶ್ನೆ ಸಿದ್ಧ: "ಎಂಡೋಸ್ಕೋಪಿಯಲ್ಲೇ ಮಾಡ್ತಾರಂತೆ, ಸಣ್ಣ ತೂತು ಸಾಕಂತೆ. ನಮಗೂ ಅದನ್ನೇ ಮಾಡಿಸಬಹುದಲ್ವಾ?"

ಕೇಳಬೇಕಾದ ಪ್ರಶ್ನೆಯೇ. ಎಂಡೋಸ್ಕೋಪ್ ಎಂದರೆ ಸಣ್ಣ ಗಾಯದಿಂದ ಒಳಗೆ ತೂರಿಸಿ, ಒಳಗಿನದ್ದನ್ನು ಪರದೆಯ ಮೇಲೆ ನೋಡುವ ತೆಳು ಕೊಳವೆ. ಪಿತ್ತಕೋಶದ ಕಲ್ಲಿಗೆ ಲ್ಯಾಪರೋಸ್ಕೋಪಿ ಮಾಡಿಸಿಕೊಂಡು ಎರಡೇ ದಿನದಲ್ಲಿ ಮನೆಗೆ ಬಂದವರು ಈಗ ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಆದರೆ ಹೊಟ್ಟೆಯ ಲೆಕ್ಕವನ್ನು ದವಡೆಗೆ ಹಚ್ಚಲು ಬರುವುದಿಲ್ಲ. ಹೊಟ್ಟೆಯ ಹಳೆಯ ಸರ್ಜರಿ ಎಂದರೆ ಚರ್ಮದ ಮೇಲೆ ಗೇಣುದ್ದ ಹೊಲಿಗೆ. ಲ್ಯಾಪರೋಸ್ಕೋಪಿ ಬಂದು ಅದನ್ನು ಮೂರ್ನಾಲ್ಕು ಚುಕ್ಕಿಗೆ ಇಳಿಸಿತು. ದವಡೆಯ ಮಾಮೂಲಿ ಸರ್ಜರಿಯಲ್ಲಿ, ಅಂದರೆ ಮೂಳೆ ಕತ್ತರಿಸಿ ದವಡೆಯನ್ನು ಸರಿಯಾದ ಜಾಗಕ್ಕೆ ಸರಿಸುವಾಗ, ಹೊರಗೆ ಹೊಲಿಗೆಯೇ ಇರುವುದಿಲ್ಲ. ಕೊಯ್ಯುವುದೆಲ್ಲ ಬಾಯೊಳಗೆ, ತುಟಿ ಮತ್ತು ಕೆನ್ನೆಯ ಹಿಂದೆ. ಹೆಚ್ಚೆಂದರೆ ಸ್ಕ್ರೂ ಕೂರಿಸಲು ಕೆನ್ನೆಯ ಮೇಲೆ ಒಂದು ಚಿಕ್ಕ ಚುಚ್ಚು. ಕೆಳದವಡೆಯ ಎಂಡೋಸ್ಕೋಪಿಕ್ ಸರ್ಜರಿಯಲ್ಲಾದರೆ, ದವಡೆಯ ಮೂಲೆಯ ಕೆಳಗೆ, ಚರ್ಮದ ಮೇಲೇ ಸುಮಾರು ಒಂದೂವರೆ ಸೆಂಟಿಮೀಟರ್ ಗಾಯ ಮಾಡುತ್ತಾರೆ. ಅಂದರೆ ಕಲೆ ಬೇಡ ಎಂಬ ಒಂದೇ ಕಾರಣಕ್ಕೆ ಎಂಡೋಸ್ಕೋಪ್ ಕೇಳುವವರು, ಇಲ್ಲದ ಕಲೆಯನ್ನು ಕೇಳಿ ಹಾಕಿಸಿಕೊಳ್ಳುತ್ತಾರೆ.

ಇನ್ನೊಂದು ವಿಷಯ. ಹೊಟ್ಟೆಯೊಳಗೆ ಗ್ಯಾಸ್ ತುಂಬಿಸಿದರೆ ನೋಡಲು ಜಾಗ ಆಗುತ್ತದೆ. ದವಡೆಯ ಸುತ್ತ ಅಂಥ ಟೊಳ್ಳಿಲ್ಲ. ಮೂಳೆಗೆ ಅಂಟಿದ ಪೊರೆಯನ್ನೂ ಅದರ ಮೇಲಿನ ಮಾಂಸಖಂಡವನ್ನೂ ಎಬ್ಬಿಸಿ ಜಾಗ ಮಾಡಬೇಕು. ಎಬ್ಬಿಸಿದ ಮೇಲೆ ಊತ ಬಂದೇ ಬರುತ್ತದೆ. ಮೂಳೆ ಕತ್ತರಿಸುವುದು, ಸರಿಸುವುದು, ಟೈಟಾನಿಯಂ ಪ್ಲೇಟು ಅಥವಾ ಸ್ಕ್ರೂ ಹಾಕುವುದು, ಇವೂ ತಪ್ಪುವುದಿಲ್ಲ. ಹಾಗಾದರೆ ಎಂಡೋಸ್ಕೋಪ್‌ನಿಂದ ಲಾಭವೇ ಇಲ್ಲವೇ? ಇದೆ. ಕೆಲವೇ ಕಡೆ ಇದೆ. ಅದು ಎಲ್ಲಿ ಎಂದು ಗೊತ್ತಾದರೆ ಆಯ್ಕೆ ಅರ್ಧ ಮುಗಿದ ಹಾಗೆ.

ದವಡೆ ಯಾವ ಕಡೆ ಹೋಗಬೇಕು?

ಯಾವ ದಾರಿ ಎಂದು ಕೇಳುವ ಮೊದಲು ಇದನ್ನು ಕೇಳಿ. ಕೆಳದವಡೆ ಮುಂದೆ ಬರಬೇಕಾ, ಹಿಂದೆ ಹೋಗಬೇಕಾ? ಎಷ್ಟು ಮಿಲಿಮೀಟರ್? ಮೇಲ್ದವಡೆಯನ್ನೂ ಮುಟ್ಟಬೇಕಾ? ಮುಖ ಒಂದು ಕಡೆಗೆ ವಾಲಿದೆಯಾ? ವಾಲಿದ್ದರೆ ಕಿವಿಯ ಮುಂದಿನ ಕೀಲು ಇನ್ನೂ ಬೆಳೆಯುತ್ತಿದೆಯಾ?

ಈ ಉತ್ತರಗಳಿಲ್ಲದೆ "ಎಂಡೋಸ್ಕೋಪಿ ಒಳ್ಳೆಯದಾ?" ಎಂದು ಕೇಳಿ ಪ್ರಯೋಜನವಿಲ್ಲ. ದವಡೆ ಚಿಕ್ಕದಾಗಿ ಗದ್ದ ಒಳಗೆ ಹೋದವರಿಗೆ ಒಂದು ದಾರಿ, ಕೆಳದವಡೆ ಉದ್ದವಾಗಿ ಕೆಳಹಲ್ಲು ಮೇಲುಹಲ್ಲಿಗಿಂತ ಮುಂದೆ ಕೂರುವವರಿಗೆ ಇನ್ನೊಂದು. ಇಬ್ಬರಿಗೂ ಒಂದೇ ಜಾಹೀರಾತು ತೋರಿಸುವವರನ್ನು ಸ್ವಲ್ಪ ಅನುಮಾನದಿಂದಲೇ ನೋಡಿ.

ಕೆಳದವಡೆ: ಮೂರು ದಾರಿ

ಜಾಸ್ತಿ ಬಳಕೆಯಲ್ಲಿರುವುದು ಸ್ಯಾಜಿಟಲ್ ಸ್ಪ್ಲಿಟ್. ಫೈಲಿನಲ್ಲಿ "ಬಿಎಸ್‌ಎಸ್‌ಓ" ಎಂದು ಬರೆದಿರುತ್ತಾರೆ. ಆಸ್ಟ್ರಿಯಾ ಮೂಲದ ಟ್ರೌನರ್ ಮತ್ತು ಓಬ್ವೆಗೇಸರ್ 1957ರಲ್ಲಿ ಇದನ್ನು ಪ್ರಕಟಿಸಿದರು. 1961ರಲ್ಲಿ ಡಾಲ್ ಪಾಂಟ್ ಒಂದು ಮುಖ್ಯ ತಿದ್ದುಪಡಿ ಮಾಡಿದರು. ಹಲಗೆಯೊಂದನ್ನು ಅದರ ದಪ್ಪದಲ್ಲಿ ಉದ್ದಕ್ಕೆ ಸೀಳಿ, ಎರಡು ಪದರಗಳನ್ನು ಒಂದರ ಮೇಲೊಂದು ಜಾರಿಸಿದರೆ ಹೇಗಿರುತ್ತದೆ, ಹಾಗೆ. ಜಾರಿಸಿದ ಮೇಲೂ ಮೂಳೆಗೆ ಮೂಳೆ ತಾಗಿಕೊಂಡೇ ಇರುತ್ತದೆ. ಹಾಗಾಗಿ ಮುಂದಕ್ಕೂ ತರಬಹುದು, ಹಿಂದಕ್ಕೂ ಒಯ್ಯಬಹುದು. ಪ್ಲೇಟು ಅಥವಾ ಸ್ಕ್ರೂ ಹಾಕುವುದರಿಂದ ಬಾಯಿಯನ್ನು ತಂತಿಯಿಂದ ಗಟ್ಟಿಯಾಗಿ ಕಟ್ಟಬೇಕಿಲ್ಲ. ರಬ್ಬರ್ ಬ್ಯಾಂಡ್ ಸಾಕು.

ಇದರ ಬೆಲೆ ನರದ ಲೆಕ್ಕದಲ್ಲಿ ಬರುತ್ತದೆ. ಕೆಳತುಟಿ ಮತ್ತು ಗದ್ದಕ್ಕೆ ಸ್ಪರ್ಶ ಕೊಡುವ ನರ ದವಡೆಯ ಒಳಮಗ್ಗುಲಿನಿಂದ ಮೂಳೆಯೊಳಗೆ ಹೊಕ್ಕು, ಹಲ್ಲುಗಳ ಕೆಳಗೆ ಸಾಗಿ, ಗದ್ದದ ಪಕ್ಕ ಹೊರಗೆ ಬರುತ್ತದೆ. ಸೀಳು ಹೋಗುವುದು ಇದೇ ದಾರಿಯಲ್ಲಿ. ಆದ್ದರಿಂದ ಸರ್ಜರಿ ಆದ ಹೊಸದರಲ್ಲಿ ಬಹುತೇಕ ಎಲ್ಲರಿಗೂ ಕೆಳತುಟಿ, ಗದ್ದ ಜೋಮು ಹಿಡಿದಿರುತ್ತದೆ. ಕಾಫಿ ಕುಡಿಯುವಾಗ ಗದ್ದದ ಮೇಲೆ ಇಳಿದದ್ದು ಗೊತ್ತಾಗುವುದಿಲ್ಲ, ಎದುರಿಗಿದ್ದವರು ಹೇಳಬೇಕು. ಶೇವ್ ಮಾಡಿಕೊಳ್ಳುವಾಗ ಬ್ಲೇಡ್ ತಾಗಿದ್ದು ರಕ್ತ ಕಂಡ ಮೇಲೆಯೇ ತಿಳಿಯುತ್ತದೆ. ಮುಂದಿನ ಕೆಲವು ತಿಂಗಳಲ್ಲಿ, ಕೆಲವರಿಗೆ ವರ್ಷದ ಹೊತ್ತಿಗೆ, ಹೆಚ್ಚಿನ ಸ್ಪರ್ಶ ಮರಳುತ್ತದೆ. ಕೆಲವರಿಗೆ ಒಂದಿಷ್ಟು ಜಾಗದಲ್ಲಿ ಮರಳುವುದೇ ಇಲ್ಲ. ವಯಸ್ಸು ಹೆಚ್ಚಾದಷ್ಟೂ ಈ ಸಾಧ್ಯತೆ ಹೆಚ್ಚು. ಇಪ್ಪತ್ತರ ಹುಡುಗ ಮತ್ತು ನಲವತ್ತೈದರ ಹೆಂಗಸು ಈ ಒಂದು ವಿಷಯವನ್ನು ಬೇರೆ ಬೇರೆಯಾಗಿ ತೂಗಬೇಕು.

ಎರಡನೆಯದು ವರ್ಟಿಕಲ್ ರೇಮಸ್ ಆಸ್ಟಿಯಾಟಮಿ. ಆಸ್ಟಿಯಾಟಮಿ ಎಂದರೆ ಮೂಳೆ ಕತ್ತರಿಸುವುದು. ಕಿವಿಯ ಕೆಳಗೆ ನೆಟ್ಟಗೆ ನಿಂತಿರುವ ದವಡೆಯ ಭಾಗವೇ ರೇಮಸ್. ನರ ಮೂಳೆಗೆ ಹೊಗುವ ಜಾಗದ ಹಿಂದೆ, ಮೇಲಿನಿಂದ ಕೆಳಕ್ಕೆ ನೇರವಾಗಿ ಕತ್ತರಿಸುತ್ತಾರೆ. ನರದಿಂದ ದೂರ ಇರುವುದರಿಂದ ಜೋಮಿನ ಭಯ ತೀರಾ ಕಡಿಮೆ. ಆದರೆ ಇದು ಮುಖ್ಯವಾಗಿ ದವಡೆ ಹಿಂದಕ್ಕೆ ಹೋಗಬೇಕಾದವರಿಗೆ. ಮುಂದಕ್ಕೆ ಎಳೆದರೆ ಮೂಳೆಗಳ ನಡುವೆ ಸಂದು ಬೀಳುತ್ತದೆ.

ಇದಕ್ಕೊಂದು ಕಥೆಯಿದೆ. 1954ರಲ್ಲಿ ಕಾಲ್ಡ್‌ವೆಲ್ ಮತ್ತು ಲೆಟರ್‌ಮನ್ ಇದನ್ನು ವಿವರಿಸಿದಾಗ ಮಾಡುತ್ತಿದ್ದದ್ದು ಹೊರಗಿನಿಂದ, ದವಡೆಯ ಕೆಳಗೆ ಉದ್ದನೆಯ ಗಾಯ ಮಾಡಿ. ಕಲೆ ಉಳಿಯುತ್ತಿತ್ತು. ಆಮೇಲೆ ಬಾಯೊಳಗಿನಿಂದ ಮಾಡುವುದನ್ನು ಕಲಿತರು. ಕಲೆ ಹೋಯಿತು, ಹೊಸ ತೊಂದರೆ ಬಂತು. ಬಾಯೊಳಗಿನಿಂದ ಆ ಹಿಂದಿನ ಮೂಲೆ ಸರಿಯಾಗಿ ಕಾಣುವುದಿಲ್ಲ, ಅಲ್ಲಿಗೆ ಸ್ಕ್ರೂ ತಲುಪಿಸುವುದು ಕಷ್ಟ. ಹಾಗಾಗಿ ಸಾಮಾನ್ಯವಾಗಿ ಸ್ಕ್ರೂ ಹಾಕದೆ, ಮೇಲಿನ ಕೆಳಗಿನ ಹಲ್ಲುಗಳನ್ನು ತಂತಿಯಿಂದ ಕಟ್ಟಿಬಿಡುತ್ತಾರೆ. ಎಷ್ಟು ವಾರ ಎನ್ನುವುದು ಡಾಕ್ಟರಿಂದ ಡಾಕ್ಟರಿಗೆ ಬೇರೆ. ಎರಡು ವಾರವೂ ಇರಬಹುದು, ಆರು ವಾರವೂ ಇರಬಹುದು.

ಮೂರನೆಯ ದಾರಿ ಹುಟ್ಟಿದ್ದು ಈ ಇಕ್ಕಟ್ಟಿನಿಂದಲೇ. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಹಾಸ್ಪಿಟಲ್‌ನಲ್ಲಿ ಮರಿಯಾ ಟ್ರೂಲಿಸ್ ಮತ್ತು ಲಿಯೊನಾರ್ಡ್ ಕಾಬನ್ 2000ರ ದಶಕದ ಆರಂಭದಲ್ಲಿ ಎಂಡೋಸ್ಕೋಪಿಕ್ ವರ್ಟಿಕಲ್ ರೇಮಸ್ ಆಸ್ಟಿಯಾಟಮಿಯ ವಿವರಗಳನ್ನು ಪ್ರಕಟಿಸಿದರು. ದವಡೆಯ ಮೂಲೆಯ ಕೆಳಗೆ, ಕುತ್ತಿಗೆಯ ಮಡಿಕೆಗೆ ಹೊಂದುವಂತೆ ಒಂದೂವರೆ ಸೆಂಟಿಮೀಟರ್ ಗಾಯ. ಅಲ್ಲಿಂದ ಮೂಳೆಯ ತನಕ ಹೋಗಿ, ಜಗಿಯುವ ಮಾಂಸಖಂಡವನ್ನು ಪೊರೆಯ ಸಮೇತ ಎಬ್ಬಿಸುತ್ತಾರೆ. ಆ ಸಂದಿಗೆ ತೆಳು ಎಂಡೋಸ್ಕೋಪ್ ಇಳಿಯುತ್ತದೆ. ದಪ್ಪ ಬರೀ 2.7 ಅಥವಾ 4 ಮಿಲಿಮೀಟರ್. ತುದಿಯ ಗಾಜು 30 ಡಿಗ್ರಿ ಓರೆಯಾಗಿ ನೋಡುತ್ತದೆ, ಅದಕ್ಕೇ ಮೂಳೆಯ ಹಿಂಬದಿಯ ಅಂಚು ಪರದೆಯ ಮೇಲೆ ಕಾಣುತ್ತದೆ. ಗಾಜಿಗೆ ರಕ್ತ ಮೆತ್ತಿದರೆ ನೀರು ಹಾಯಿಸಿ ತೊಳೆಯುತ್ತಾರೆ. ಅದೇ ಗಾಯದಿಂದಲೇ ಪುಟ್ಟ ಗರಗಸ ಹೋಗುತ್ತದೆ. ಕತ್ತರಿಸಿ, ಹಲ್ಲುಗಳನ್ನು ಹೊಸ ಕಚ್ಚಿಗೆ (ಮೇಲಿನ ಕೆಳಗಿನ ಹಲ್ಲು ಒಂದಕ್ಕೊಂದು ಕೂಡುವ ರೀತಿಗೆ) ಕೂರಿಸಿ, ಮೂಳೆಯ ತುಂಡುಗಳನ್ನು ನೋಡಿಕೊಂಡೇ ಸ್ಕ್ರೂ ಹಾಕುತ್ತಾರೆ.

ನಿಜವಾದ ಲಾಭ ಈ ಸ್ಕ್ರೂ. ಮೂಳೆ ಗಟ್ಟಿಯಾಗಿ ನಿಂತಿತು ಎಂದರೆ ಬಾಯಿ ಕಟ್ಟುವ ವಾರಗಳು ಉಳಿದವು. ನರವೂ ದೂರ ಇದೆ. ಬದಲಿಗೆ ನೀವು ಒಪ್ಪಿಕೊಳ್ಳುವುದು ಹೊರಗಿನ ಎರಡು ಚಿಕ್ಕ ಕಲೆಗಳನ್ನು, ಎಡಕ್ಕೊಂದು ಬಲಕ್ಕೊಂದು. ಜೊತೆಗೆ ಬೇರೆ ನರದ ಚಿಂತೆ: ಕೆಳತುಟಿಯನ್ನು ಕೆಳಕ್ಕೆ ಎಳೆಯುವ ನರದ ಕವಲು ಆ ಗಾಯದ ಹತ್ತಿರವೇ ಹಾದುಹೋಗುತ್ತದೆ. ಅದು ಎಳೆತಕ್ಕೆ ಸಿಕ್ಕರೆ ಕೆಲವು ಕಾಲ ನಗುವಾಗ ತುಟಿ ಒಂದು ಕಡೆ ಸೊಟ್ಟಗಾಗಬಹುದು. ಎಚ್ಚರಿಕೆಯಿಂದ ಮಾಡಿದರೆ ಅಪರೂಪ. ಆದರೂ ಮೊದಲೇ ಕೇಳಿ ತಿಳಿದಿರಬೇಕಾದ ಮಾತು.

ಕಪ್ಪು ಮೈಬಣ್ಣದಲ್ಲಿ ಕೆಲವರಿಗೆ ಗಾಯದ ಕಲೆ ಉಬ್ಬಿ ದಪ್ಪಗಾಗುತ್ತದೆ, ಕೀಲಾಯ್ಡ್ ಅನ್ನುತ್ತಾರೆ. ಕಿವಿ ಚುಚ್ಚಿಸಿದಾಗ, ಲಸಿಕೆ ಹಾಕಿಸಿದ ಜಾಗದಲ್ಲಿ ನಿಮಗೆ ಹೀಗಾಗಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಅಂಥವರಿಗೆ ನಾನಂತೂ ಹೊರಗಾಯದ ದಾರಿ ಹೇಳಲಾರೆ.

ನನ್ನನ್ನು ಕೇಳಿದರೆ, ಕೆಳದವಡೆಯ ಆಯ್ಕೆ ಹೀಗೆ. ದವಡೆ ಮುಂದೆ ಬರಬೇಕಾದವರಿಗೆ ಸ್ಯಾಜಿಟಲ್ ಸ್ಪ್ಲಿಟ್, ಎಂಡೋಸ್ಕೋಪ್‌ನ ಮಾತು ಅಲ್ಲಿಗೇ ಬಿಡಿ. ಹಿಂದೆ ಹೋಗಬೇಕಾದವರಲ್ಲಿ, ತುಟಿಯ ಸ್ಪರ್ಶ ಹೋಗಬಾರದು, ಬಾಯಿ ಕಟ್ಟಿಕೊಂಡು ಕೂರಲೂ ಆಗದು ಎನ್ನುವವರು ಎಂಡೋಸ್ಕೋಪಿಕ್ ದಾರಿಯನ್ನು ಗಂಭೀರವಾಗಿ ವಿಚಾರಿಸಬಹುದು. ಗಾಯಕರು, ಕೊಳಲು ಶಹನಾಯಿ ನುಡಿಸುವವರು ತುಟಿಯ ಸ್ಪರ್ಶವನ್ನೇ ನಂಬಿ ಬದುಕುವವರು, ಅವರ ಲೆಕ್ಕ ಬೇರೆ. ಕೆಲವು ವಾರ ಬಾಯಿ ಕಟ್ಟಿದರೂ ಪರವಾಗಿಲ್ಲ, ಕಲೆ ಮಾತ್ರ ಬೇಡ ಎನ್ನುವವರಿಗೆ ಬಾಯೊಳಗಿನ ವರ್ಟಿಕಲ್ ದಾರಿ ಇದೆ. ಫಿಟ್ಸ್ ಇರುವವರು, ಉಸಿರಾಟದ ತೊಂದರೆಯವರು, ಆಗಾಗ ವಾಂತಿ ಆಗುವವರು ಬಾಯಿ ಕಟ್ಟುವ ದಾರಿಯಿಂದ ದೂರ ಇರುವುದೇ ಕ್ಷೇಮ.

ಮೇಲ್ದವಡೆ: ಇಲ್ಲಿ ಎಂಡೋಸ್ಕೋಪ್ ಸಹಾಯಕ ಅಷ್ಟೇ

ಮೇಲ್ದವಡೆಯ ಸರ್ಜರಿಗೆ ಲೆಫೋರ್ಟ್-1 ಎಂದು ಹೆಸರು. ಫ್ರಾನ್ಸಿನ ರೆನೆ ಲೆ ಫೋರ್ಟ್ 1901ರಲ್ಲಿ ಶವಗಳ ತಲೆಗೆ ಪೆಟ್ಟು ಕೊಟ್ಟು, ಮುಖದ ಮೂಳೆ ಎಲ್ಲೆಲ್ಲಿ ಮುರಿಯುತ್ತದೆ ಎಂದು ಗುರುತಿಸಿದ್ದರು. ಅದರಲ್ಲಿ ಅತಿ ಕೆಳಗಿನ ಗೆರೆಯಲ್ಲೇ ಇಂದಿನ ಸರ್ಜನ್‌ಗಳು ಬೇಕೆಂದು ಕತ್ತರಿಸುತ್ತಾರೆ. ಮಾಮೂಲಿಯಾಗಿ ಮೇಲ್ತುಟಿಯ ಒಳಗೆ ಒಂದು ಕಡೆಯ ದವಡೆಹಲ್ಲಿನಿಂದ ಇನ್ನೊಂದು ಕಡೆಯ ದವಡೆಹಲ್ಲಿನ ತನಕ ಗಾಯ ಮಾಡುತ್ತಾರೆ.

ಇಲ್ಲೇ ಜಾಹೀರಾತುಗಳು ಕಲಸುಮೇಲೋಗರ ಮಾಡುವುದು. "ಮಿನಿಮಲಿ ಇನ್ವೇಸಿವ್" (ಚಿಕ್ಕ ಗಾಯದ) ಮತ್ತು "ಎಂಡೋಸ್ಕೋಪಿಕ್" ಎರಡೂ ಒಂದೇ ಅಲ್ಲ. ಬಾರ್ಸಿಲೋನಾದ ಫೆಡೆರಿಕೊ ಹೆರ್ನಾಂಡೆಸ್-ಅಲ್ಫಾರೊ ಮತ್ತು ಅವರ ಸಹೋದ್ಯೋಗಿ 2013ರಲ್ಲಿ ವಿವರಿಸಿದ "ಟ್ವಿಸ್ಟ್" ವಿಧಾನದಲ್ಲಿ ಗಾಯ ಮುಂದಿನ ಹಲ್ಲುಗಳ ಮೇಲಷ್ಟೇ. ಮೇಲ್ದವಡೆಯನ್ನು ಹಿಂದಿನ ಮೂಳೆಯಿಂದ ಬಿಡಿಸಲು ಹಿಂದಕ್ಕೆ ಉಳಿ ಹೊಡೆಯುವುದಿಲ್ಲ, ಮುಂದಿನಿಂದಲೇ ಉಳಿಯನ್ನು ತಿರುಚಿ ಬಿಡಿಸುತ್ತಾರೆ. ಅದಕ್ಕೆ ಎಂಡೋಸ್ಕೋಪ್ ಬೇಕಿಲ್ಲ.

ಎಂಡೋಸ್ಕೋಪ್ ಬಳಸುವವರು ಅದನ್ನು ಬಾಯೊಳಗಿನ ಚಿಕ್ಕ ಗಾಯದಿಂದಲೇ ತೂರಿಸುತ್ತಾರೆ. ಹೊರಗೆ ಕಲೆ ಇಲ್ಲ. ಮೇಲ್ದವಡೆಯ ಹಿಂಭಾಗ ಸರಿಯಾಗಿ ಬಿಟ್ಟಿದೆಯಾ, ಅಂಗುಳಕ್ಕೆ ಇಳಿಯುವ ರಕ್ತನಾಳ ಎಲ್ಲಿದೆ, ಎಲ್ಲಿಂದ ರಕ್ತ ಬರುತ್ತಿದೆ, ಇದನ್ನೆಲ್ಲ ಕಣ್ಣಿಂದ ನೋಡಬಹುದು. ಉಪಯೋಗವೇನೋ ಹೌದು. ಆದರೆ ಒಬ್ಬ ಅನುಭವಿ ಸರ್ಜನ್ ಅದಿಲ್ಲದೆಯೂ ಈ ಕೆಲಸವನ್ನು ಚೆನ್ನಾಗಿ ಮಾಡುತ್ತಾರೆ. ಮೇಲ್ದವಡೆಗಾಗಿ ಎಂಡೋಸ್ಕೋಪ್ ಹುಡುಕಿಕೊಂಡು ಊರು ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ಕತ್ತರಿಸಲು ಪೀಜೋ ಬಳಸುತ್ತೀರಾ ಎಂದು ಬೇಕಾದರೆ ಕೇಳಿ. ಅಲ್ಟ್ರಾಸೌಂಡ್ ಕಂಪನದಿಂದ ಮೂಳೆ ಕೊಯ್ಯುವ ಸಾಧನ ಅದು. ನರ, ರಕ್ತನಾಳದಂಥ ಮೆತ್ತನೆಯ ಭಾಗಗಳಿಗೆ ಗರಗಸಕ್ಕಿಂತ ಸೌಮ್ಯ, ಸಮಯ ಮಾತ್ರ ಸ್ವಲ್ಪ ಜಾಸ್ತಿ.

ಸೀಳು ಅಂಗುಳ ಇದ್ದು ಚಿಕ್ಕಂದಿನಲ್ಲಿ ಸರ್ಜರಿ ಆದವರಿಗೆ ಈ ಚಿಕ್ಕ ಗಾಯದ ದಾರಿಗಳು ಸಾಮಾನ್ಯವಾಗಿ ಹೊಂದುವುದಿಲ್ಲ. ಹಳೆಯ ಕಲೆಯಿಂದ ಅಂಗುಳ ಬಿಗಿದಿರುತ್ತದೆ, ರಕ್ತ ಸಂಚಾರದ ದಾರಿಯೂ ಬದಲಾಗಿರುತ್ತದೆ. ದವಡೆ ತುಂಬ ದೂರ ಮುಂದೆ ಬರಬೇಕಾದರೆ, ಒಂದು ಸೆಂಟಿಮೀಟರ್ ಆಸುಪಾಸು ಅಥವಾ ಜಾಸ್ತಿ, ಡಿಸ್ಟ್ರಾಕ್ಷನ್ ಎಂಬ ಬೇರೆಯದೇ ವಿಧಾನವನ್ನು ವಿಚಾರಿಸಿ. ಮೂಳೆ ಕತ್ತರಿಸಿ, ಸಾಧನ ಕೂರಿಸಿ, ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಎಳೆಯುತ್ತಾ ಹೋಗುತ್ತಾರೆ. ಸೀಳು ಅಂಗುಳ ಇದ್ದವರು ಸರ್ಜರಿಗೆ ಮೊದಲು ಮಾತಿನ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು. ಮೇಲ್ದವಡೆ ಮುಂದೆ ಬಂದ ಮೇಲೆ ಕೆಲವರ ಮಾತು ಮೂಗಿನಲ್ಲಿ ಬರಲು ಶುರುವಾಗುತ್ತದೆ.

ಕೀಲಿನ ತೊಂದರೆ ಇದ್ದರೆ ಲೆಕ್ಕವೇ ಬೇರೆ

ಎಂಡೋಸ್ಕೋಪ್ ಕೇಳಿಯೇ ಕೇಳಬೇಕಾದ ಜಾಗ ಯಾವುದಾದರೂ ಇದ್ದರೆ ಅದು ಕಿವಿಯ ಮುಂದಿನ ದವಡೆ ಕೀಲು. ಕೆಲವರಿಗೆ ಒಂದು ಕಡೆಯ ಕೀಲಿನ ತಲೆ ಬೆಳೆಯುತ್ತಲೇ ಹೋಗುತ್ತದೆ. ಗದ್ದ ನಿಧಾನಕ್ಕೆ ಇನ್ನೊಂದು ಕಡೆಗೆ ಸರಿಯುತ್ತದೆ. ಇದು ಇನ್ನೂ ಬೆಳೆಯುತ್ತಿದೆಯಾ ಎಂದು ನೋಡಲು ಬೋನ್ ಸ್ಕ್ಯಾನ್ ಮಾಡಿಸುತ್ತಾರೆ. ಬೆಳೆಯುತ್ತಿರುವ ಕೀಲನ್ನು ಹಾಗೇ ಬಿಟ್ಟು ಬರೀ ದವಡೆ ಸರಿ ಮಾಡಿದರೆ ಮುಖ ಮತ್ತೆ ವಾಲುತ್ತದೆ.

ಹಳೆಯ ದಾರಿಯಲ್ಲಿ ಕಿವಿಯ ಮುಂದೆ ಚರ್ಮ ಕೊಯ್ದು ಕೀಲಿಗೆ ಹೋಗಬೇಕು. ಮುಖದ ನರದ ಕವಲುಗಳು ಅಲ್ಲೇ ಹರಡಿಕೊಂಡಿವೆ. ಎಂಡೋಸ್ಕೋಪ್‌ನಲ್ಲಿ ದವಡೆಯ ಮೂಲೆಯ ಆ ಸಣ್ಣ ಗಾಯದಿಂದ ಮೇಲಕ್ಕೆ ಹೋಗಿ, ಕೀಲಿನ ತಲೆಯನ್ನು ತೆಗೆಯಬಹುದು. ಬೇಕಾದರೆ ಪಕ್ಕೆಲುಬಿನ ತುಂಡು ಕೂರಿಸಬಹುದು. ಕೀಲಿನ ಕೆಳಗಿನ ಮುರಿತಕ್ಕೂ ಇದೇ ಸಾಧನ ಬಳಸುತ್ತಾರೆ. ಬೈಕಿನಿಂದ ಬಿದ್ದು ಗದ್ದ ಒಡೆದುಕೊಂಡವರಲ್ಲಿ ಈ ಮುರಿತ ಸಾಮಾನ್ಯ. ಇಲ್ಲಿ ಹೋಲಿಕೆ ಬಾಯೊಳಗಿನ ಕಾಣದ ಗಾಯದ ಜೊತೆ ಅಲ್ಲ, ಕಿವಿಯ ಮುಂದಿನ ಉದ್ದ ಗಾಯದ ಜೊತೆ. ಅದಕ್ಕೇ ತಕ್ಕಡಿ ಎಂಡೋಸ್ಕೋಪ್ ಕಡೆಗೆ ವಾಲುತ್ತದೆ.

ಆರ್ತ್ರೋಸ್ಕೋಪಿ ಎಂಬ ಇನ್ನೊಂದು ಹೆಸರು ಕೇಳಿಬಂದರೆ ಗೊಂದಲ ಬೇಡ. ಜಪಾನಿನ ಒನಿಶಿ 1975ರಲ್ಲಿ ದವಡೆ ಕೀಲಿಗೆ ಇದನ್ನು ತಂದರು. ಕೀಲಿನೊಳಗೆ ನೋಡಿ, ತೊಳೆದು, ಅಂಟು ಬಿಡಿಸುವ ಚಿಕಿತ್ಸೆ ಅದು. ದವಡೆಯ ಆಕಾರ ಬದಲಾಗುವುದಿಲ್ಲ.

ಊತ, ಊಟ, ರಜೆ

ಯಾವ ದಾರಿಯಾದರೂ ಎರಡು ಮೂರನೇ ದಿನ ಮುಖ ಚೆನ್ನಾಗಿಯೇ ಊದುತ್ತದೆ. ಎರಡು ಮೂರು ವಾರದಲ್ಲಿ ಬಹುಪಾಲು ಇಳಿಯುತ್ತದೆ, ಪೂರ್ತಿ ಇಳಿಯಲು ತಿಂಗಳುಗಳೇ ಬೇಕು. ಮೂಳೆ ಕೂಡಲು ಸುಮಾರು ಆರು ವಾರ. ಆ ತನಕ ಚಕ್ಕುಲಿ, ಕೋಡುಬಳೆ ಆಸೆ ಬಿಡಿ. ರಾಗಿ ಗಂಜಿ, ಮಜ್ಜಿಗೆ, ಬೇಳೆಯ ಕಟ್ಟು, ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ ಮೆತ್ತನ್ನ. ಎಂಡೋಸ್ಕೋಪ್ ಬಳಸಿದರೂ ಇದೇ ಊಟ. ತೂಕ ಎರಡು ಮೂರು ಕೆಜಿ ಇಳಿದರೆ ಗಾಬರಿ ಬೇಡ.

ಬಾಯಿ ಕಟ್ಟಿದವರ ಮನೆಯಲ್ಲಿ ತಂತಿ ಕತ್ತರಿಸುವ ಕಟರ್ ಹಾಸಿಗೆಯ ಪಕ್ಕದಲ್ಲೇ ಇರಬೇಕು. ಯಾವ ತಂತಿ ಕತ್ತರಿಸಬೇಕು ಎಂದು ಮನೆಯ ಒಬ್ಬರಿಗಾದರೂ ಡಿಸ್ಚಾರ್ಜ್ ದಿನವೇ ತೋರಿಸಿಕೊಡಲು ಹೇಳಿ. ರಾತ್ರಿ ವಾಂತಿ ಬಂದಾಗ ಹುಡುಕುತ್ತಾ ಕೂರುವ ವಸ್ತುವಲ್ಲ ಅದು.

ಸಮಯ ಉಳಿಸುವುದೇ ನಿಮ್ಮ ಮುಖ್ಯ ಚಿಂತೆಯಾದರೆ ನೋಡಬೇಕಾದದ್ದು ಎಂಡೋಸ್ಕೋಪ್ ಅಲ್ಲ, ಕ್ಲಿಪ್. ಸಾಮಾನ್ಯವಾಗಿ ಸರ್ಜರಿಗೆ ಮೊದಲು ಒಂದರಿಂದ ಒಂದೂವರೆ ವರ್ಷ ಹಲ್ಲಿಗೆ ಕ್ಲಿಪ್ ಹಾಕುತ್ತಾರೆ, ಆಮೇಲೂ ಆರು ತಿಂಗಳೋ ವರ್ಷವೋ ಇರುತ್ತದೆ. ಜಪಾನಿನ ಸೆಂಡಾಯ್‌ನ ತಂಡ 2009ರಲ್ಲಿ ಪ್ರಕಟಿಸಿದ "ಸರ್ಜರಿ ಫಸ್ಟ್" ಕ್ರಮದಲ್ಲಿ ಮೊದಲು ಸರ್ಜರಿ, ಆಮೇಲೆ ಹಲ್ಲು ಸರಿಪಡಿಸುವುದು. ಹೊಂದುವವರಿಗೆ ಒಟ್ಟು ಸಮಯ ತಿಂಗಳುಗಟ್ಟಲೆ ಉಳಿಯುತ್ತದೆ. ಹಲ್ಲು ತೀರಾ ಒತ್ತೊತ್ತಾಗಿ ಸೊಟ್ಟಗಿರುವವರಿಗೆ ಇದು ಹೊಂದುವುದಿಲ್ಲ.

ಸರ್ಜರಿಯೇ ಬೇಡದವರು

ವ್ಯತ್ಯಾಸ ಸ್ವಲ್ಪವೇ ಇದ್ದು, ಅಗಿಯಲು ಕಷ್ಟವಿಲ್ಲದಿದ್ದರೆ ಬರೀ ಕ್ಲಿಪ್‌ನಲ್ಲಿ ಹಲ್ಲುಗಳನ್ನು ಹೊಂದಿಸಿ ಸುಮ್ನಿರಬಹುದು. ಕಚ್ಚು ಸರಿಯಿದ್ದು ಗದ್ದ ಮಾತ್ರ ಚಿಕ್ಕದಿದ್ದರೆ ಗದ್ದದ ಮೂಳೆಯನ್ನಷ್ಟೇ ಮುಂದೆ ತರುವ ಜೀನಿಯೋಪ್ಲಾಸ್ಟಿ ಸಾಕು. ಬೆಳವಣಿಗೆ ಮುಗಿಯದ ಮಕ್ಕಳಿಗೆ ಅವಸರ ಬೇಡ, ಅದರಲ್ಲೂ ಕೆಳದವಡೆ ಮುಂದೆ ಬಂದಿರುವ ಹುಡುಗರಿಗೆ. ಅವರ ದವಡೆ ಹದಿನೆಂಟು ದಾಟಿದ ಮೇಲೂ ಬೆಳೆಯಬಹುದು.

ದುಡ್ಡು ಮತ್ತು ಡಾಕ್ಟರ ಮುಂದಿನ ಮಾತು

ಬಿಲ್ಲು ಕೇಳುವಾಗ ಪ್ಲೇಟು ಮತ್ತು ಸ್ಕ್ರೂ, ಸಿಟಿ ಸ್ಕ್ಯಾನ್, ಕಂಪ್ಯೂಟರ್ ಪ್ಲಾನಿಂಗ್, ಕ್ಲಿಪ್ ಇವು ಸೇರಿವೆಯಾ ಎಂದು ಒಂದೊಂದಾಗಿ ಕೇಳಿ. ಕ್ಲಿಪ್ ಹೆಚ್ಚಾಗಿ ಬೇರೆ ಡಾಕ್ಟರ ಬೇರೆ ಲೆಕ್ಕ. ವಿಮಾ ಕಂಪನಿಗಳು ಅಂದಕ್ಕಾಗಿ ಮಾಡಿಸುವ ಸರ್ಜರಿಗೆ ದುಡ್ಡು ಕೊಡುವುದಿಲ್ಲ. ಅಗಿಯಲು ಆಗುತ್ತಿಲ್ಲ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ ಎಂಬಂಥ ಕಾರಣ ನಿಜವಾಗಿ ಇದ್ದರೆ ಅದನ್ನು ಡಾಕ್ಟರಿಂದ ಬರೆಸಿಕೊಂಡು, ಅಡ್ಮಿಟ್ ಆಗುವ ಮೊದಲೇ ಒಪ್ಪಿಗೆ ಪಡೆಯಿರಿ.

ಈ ಸರ್ಜರಿ ಮಾಡುವವರು ಹೆಚ್ಚಾಗಿ ಓರಲ್ ಅಂಡ್ ಮ್ಯಾಕ್ಸಿಲೋಫೇಶಿಯಲ್ (ಬಾಯಿ, ದವಡೆ, ಮುಖದ) ಸರ್ಜರಿಯಲ್ಲಿ ಎಂಡಿಎಸ್, ಅಂದರೆ ದಂತ ವೈದ್ಯಕೀಯದ ಸ್ನಾತಕೋತ್ತರ ಪದವಿ, ಮಾಡಿದವರು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಮಾತ್ರವಲ್ಲ, ಧಾರವಾಡ, ಬೆಳಗಾವಿ, ದಾವಣಗೆರೆ, ಮಂಗಳೂರು, ಮಣಿಪಾಲದ ದಂತ ಕಾಲೇಜುಗಳಲ್ಲೂ ಈ ವಿಭಾಗವಿದೆ. ಎಂಡೋಸ್ಕೋಪ್ ಹೇಳುವ ಸರ್ಜನ್‌ಗೆ ನೇರವಾಗಿ ಕೇಳಿ: ನನ್ನಂಥದ್ದೇ ಕೇಸ್ ಈ ದಾರಿಯಲ್ಲಿ ಎಷ್ಟು ಮಾಡಿದ್ದೀರಿ? ಗಾಯ ಒಳಗಾ, ಹೊರಗಾ? ನಡುವೆ ಸರಿಯಾಗಿ ಕಾಣದಿದ್ದರೆ ಗಾಯ ದೊಡ್ಡದು ಮಾಡುತ್ತೀರಾ, ಅದು ಒಪ್ಪಿಗೆ ಪತ್ರದಲ್ಲಿದೆಯಾ? ಈ ಕೈಚಳಕಕ್ಕೆ ಬಹಳ ಅಭ್ಯಾಸ ಬೇಕು. ವಾರಕ್ಕೊಮ್ಮೆ ಸ್ಯಾಜಿಟಲ್ ಸ್ಪ್ಲಿಟ್ ಮಾಡುವ ಕೈ, ವರ್ಷಕ್ಕೊಮ್ಮೆ ಎಂಡೋಸ್ಕೋಪ್ ಹಿಡಿಯುವ ಕೈಗಿಂತ ನಿಮಗೆ ಸುರಕ್ಷಿತ.

ಇನ್ನೊಬ್ಬರ ಅಭಿಪ್ರಾಯಕ್ಕೆ ಹೋಗುವಾಗ ಬರೀ ರಿಪೋರ್ಟಿನ ಹಾಳೆ ಸಾಲದು. ಸಿಟಿ ಸ್ಕ್ಯಾನಿನ ಪೂರ್ತಿ ಸಿಡಿ, ಪಕ್ಕದಿಂದ ತೆಗೆದ ತಲೆಯ ಎಕ್ಸ್‌ರೇ, ಹಲ್ಲಿನ ಅಚ್ಚು, ಮುಖದ ಫೋಟೋ ಎಲ್ಲವನ್ನೂ ಕೇಳಿ ತೆಗೆದುಕೊಂಡು ಹೋಗಿ. ಬುದ್ಧಿಹಲ್ಲು ಇದ್ದರೆ ಅದನ್ನೂ ಅಲ್ಲೇ ಕೇಳಿಬಿಡಿ. ಸ್ಯಾಜಿಟಲ್ ಸ್ಪ್ಲಿಟ್‌ಗೆ ಆರು ತಿಂಗಳ ಮುಂಚೆಯೇ ಕೀಳಿಸಬೇಕು ಎನ್ನುವವರು ತುಂಬ ಜನ, ಆ ಲೆಕ್ಕದಲ್ಲಿ ನಿಮ್ಮ ತಾರೀಖೇ ಮುಂದೆ ಹೋಗಬಹುದು.